ಅಣ್ಣನವರು ಬೋರಲು ಮಲಗಿದ್ದು

“ಯಜಮಾನ್ರೇ, ಅಂಗಾತ ಮಲಗಿದ್ದು ಸಾಕು. ಇನ್ನು ಬೋರಲು ಮಲಗಿ” ಎಂದು ಡಾಕ್ಟರಮ್ಮ ಹೇಳಿದಾಗ ನನ್ನ ಅಣ್ಣನವರು ಆಮ್ಲಜನಕದ ಕೊಳವೆ ಸಿಕ್ಕಿಸಿದ್ದ ಮೂಗಿನಿಂದಲೇ ನಕ್ಕರು. ಗೂಡಿನ ಮಾರುಕಟ್ಟೆಯಲ್ಲಿ ತಮ್ಮ ರೇಷ್ಮೆಗೂಡಿಗೆ ಕಡಿಮೆ ಬೆಲೆ ಕೂಗಿದವನ ಮುಖ ನೋಡಿ ಅವರು ನಗುತ್ತಿದ್ದುದು ಹಾಗೆಯೇ.

“ಮಕಾಡೆ ಬೀಳಕ್ಕೆ ನಾನೇನ್ ಆರ್ ತಿಂಗಳ ಕೂಸೇನವ್ವಾ?”

ಅಷ್ಟು ಮಾತಿಗೇ ಉಸಿರು ಸಾಲದೆ ಅವರ ಕೊರಳಿನ ನರಗಳು ಬಿಗಿದು ನಿಂತವು. ಬೆರಳಿಗೆ ಕಚ್ಚಿಸಿದ್ದ ಕ್ಲಿಪ್ಪಿನ ಯಂತ್ರ ಕೂಗಿಕೊಂಡಿತು.

ಅಣ್ಣನವರಿಗೆ ಎಪ್ಪತ್ತು ದಾಟಿತ್ತು. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಿಂದಾಚೆ ನಮ್ಮ ಹಿರಿಯರ ಊರು. ಅವರು ಅಲ್ಲಿಯೇ ರೇಷ್ಮೆ ಬೆಳೆ ನೋಡಿಕೊಂಡು ಉಳಿದರು; ನಾನು ಸಂಸ್ಕೃತ ಕಲಿಯಲು ಹೋದವನು, ಅದನ್ನೇ ಕಲಿಸುತ್ತ, ಸಂಜೆಯ ಹೊತ್ತು ಪುರಾಣ ಹೇಳುತ್ತ ಮಾಗಡಿಯಲ್ಲಿ ನೆಲೆಸಿದೆ. ಹೋದ ಮಾಗಿಯಲ್ಲಿ ಅವರಿಗೆ ಹಿಡಿದ ಜ್ವರ ಎದೆಗಿಳಿದು, ಎರಡು ಮಾತಿಗೊಮ್ಮೆ ಏದುಸಿರು ಬರುವಂತಾದಾಗ, ಮಗ ಅವರನ್ನು ರಾಮನಗರದ ಆಸ್ಪತ್ರೆಯೊಂದಕ್ಕೆ ತಂದು ಸೇರಿಸಿದ. ಮನೆಯಲ್ಲಿ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಹಸಿದು ನಿಂತಿದ್ದವು. ಆ ದಿನಗಳಲ್ಲಿ ಒಂದು ಹೊತ್ತು ಹಿಪ್ಪುನೇರಳೆ ಸೊಪ್ಪು ತಪ್ಪಿದರೂ ಬೆಳೆ ಕೈಬಿಟ್ಟಂತೆ. ಆದ್ದರಿಂದ ಮಗನೂ ಸೊಸೆಯೂ ಹುಳುಮನೆಗೆ ಹಿಂದಿರುಗಿದರು. ಅಣ್ಣನವರ ಬಳಿ ಉಳಿದವರು ಅತ್ತಿಗೆಯವರು ಮತ್ತು ನಾನು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ಅಲ್ಲ. ಮಂಚದ ಪಕ್ಕಕ್ಕೆ ಬಂದು ಅಂಗೈಗಳೆರಡನ್ನು ಜೋಡಿಸಿ ತೋರಿಸುತ್ತ ಹೇಳಿದರು. “ನಿಮ್ಮ ಶ್ವಾಸಕೋಶದ ಬೆನ್ನಿನ ಕಡೆ ಮುಚ್ಚಿಹೋಗಿದೆ, ಅಜ್ಜ. ಬೋರಲು ಮಲಗಿದ್ರೆ ಆ ಭಾಗ ತೆರ್ಕೊಳ್ಳತ್ತೆ. ಕೊರೋನಾ ಕಾಲದಲ್ಲಿ ಎಚ್ಚರ ಇರೋ ಎಷ್ಟೋ ಜನರನ್ನ ಹೀಗೇ ಮಲಗ್ಸಿದ್ವಿ. ಎಲ್ಲರಿಗೂ ಗುಣ ಆಗತ್ತೆ ಅಂತ ನಾನು ಹೇಳಲ್ಲ. ಆದ್ರೆ ನೀವು ಹೀಗೇ ಹಟ ಹಿಡಿದ್ರೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರದಿಂದ ಉಸಿರಾಡಿಸಬೇಕಾಗತ್ತೆ. ನಿಮ್ಮ ವಯಸ್ಸಿಗೆ ಆ ನಳಿಗೆ ಹಾಕೋದು ಸುಲಭ, ತೆಗೆಯೋದು ಕಷ್ಟ.”

ಅಣ್ಣನವರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಇಲ್ಲಿ ಯಾರವ್ನೆ ಗೊತ್ತೇನವ್ವಾ ನಿಂಗೆ? ಲಿಂಗಯ್ಯ ಅವ್ನೆ. ಅವನ್ನ ಅಡೀಗಾಕ್ಕಂಡು ಅವನ ಮ್ಯಾಲೆ ನಾನು ಮಲಗಾದಾ?”

ನಮ್ಮದು ಶಿವಾಚಾರದ ಮನೆ. ಹುಟ್ಟಿದ ಕೂಸಿಗೆ ಲಿಂಗ ಕಟ್ಟಿದರೆ, ಮಣ್ಣಿಗೆ ಇಳಿಸುವಾಗಲೂ ಅದು ಅಂಗೈಯಲ್ಲಿರುತ್ತದೆ. ನಡುವೆ ಒಂದು ಗಳಿಗೆಯೂ ಮೈಯನ್ನು ಅಗಲುವಂತಿಲ್ಲ. ಅಣ್ಣನವರು ಬೆಳ್ಳಿಯ ಕರಡಿಗೆಯೊಳಗೆ ಲಿಂಗವನ್ನಿಟ್ಟು ಶಿವದಾರದಿಂದ ಎದೆಯ ಮೇಲೆ ಧರಿಸುತ್ತಿದ್ದರು. ಆ ವಿಷಯದಲ್ಲಿ ಅವರ ನಿಷ್ಠೆ ಊರಿಗೆಲ್ಲ ತಿಳಿದದ್ದು. ಆ ನಿಷ್ಠೆಯ ಭಾರವನ್ನು ಹೊತ್ತವರು ಮಾತ್ರ ಅತ್ತಿಗೆಯವರು.

ಎಷ್ಟೋ ವರ್ಷಗಳ ಹಿಂದೆ ಅತ್ತಿಗೆಯವರು ಹೊಳೆಯಲ್ಲಿ ಹುಳುಗಳ ತಟ್ಟೆಗಳನ್ನು ತೊಳೆಯುತ್ತಿದ್ದಾಗ ಅವರ ಕೊರಳಿನ ದಾರ ಸವೆದು ಹರಿದು, ಲಿಂಗ ನೀರಿಗೆ ಜಾರಿತು. ಹೊತ್ತು ಮುಳುಗುವವರೆಗೂ ಸೊಂಟಮಟ್ಟದ ನೀರಿನಲ್ಲಿ ನಿಂತು, ಮರಳನ್ನು ಬೊಗಸೆಬೊಗಸೆಯಾಗಿ ಬಗೆದು, ಕೊನೆಗೆ ಅದನ್ನು ಹುಡುಕಿ ತೆಗೆದರು. ಒಂದು ಗೀರೂ ಬಿದ್ದಿರಲಿಲ್ಲ. ಮಠದ ಅಯ್ಯನವರು ಬಂದು ಶುದ್ಧಿ ಮಾಡಿ ಮತ್ತೆ ಕಟ್ಟಿದರು. ಅದಕ್ಕೆ ಶಾಸ್ತ್ರದ ಸಮ್ಮತಿ ಇದೆಯೆಂದು ನಾನೂ ಹೇಳಿದೆ. ಅಣ್ಣನವರು ಒಪ್ಪಲಿಲ್ಲ. “ಲಿಂಗ ಮೈ ಬುಟ್ಟ ಮ್ಯಾಲೆ ಮೈ ಹೆಣ. ಹೆಣದ ಕೈ ನೀರು ಯಾರ್ಲಾ ಕುಡಿದಾರು? ನಿನ್ ಶಾಸ್ತ್ರ ನಿನ್ ಗಂಟ್ನಾಗೆ ಕಟ್ಕ” ಎಂದರು. ಅಂದಿನಿಂದ ಅವರು ಅತ್ತಿಗೆಯವರ ಕೈಯಿಂದ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ; ಪೂಜೆಯ ಕೋಣೆಯ ಹೊಸ್ತಿಲನ್ನು ಅವರಿಗೆ ತುಳಿಯಗೊಡಲಿಲ್ಲ. ಅಡುಗೆ ಮಾಡುವವರು ಅತ್ತಿಗೆಯವರೇ, ಬಡಿಸುವವರು ಬೇರೆ. ಮೊದಲು ನಮ್ಮ ತಾಯಿ ಬಡಿಸುತ್ತಿದ್ದರು, ಆಮೇಲೆ ಸೊಸೆ. ಅತ್ತಿಗೆಯವರು ತಂಬಿಗೆಯನ್ನು ಹೊಸ್ತಿಲ ಆಚೆ ಇಟ್ಟು ಪಕ್ಕಕ್ಕೆ ಸರಿದು ನಿಲ್ಲುವುದು ಆ ಮನೆಯಲ್ಲಿ ದೀಪ ಹಚ್ಚುವಷ್ಟೇ ಸಹಜವಾದ ಸಂಗತಿಯಾಗಿ ಹೋಗಿತ್ತು.

ಆಸ್ಪತ್ರೆಯಲ್ಲಿಯೂ ಅದೇ ನಡೆಯಿತು. ಮೂಗಿಗೆ ರಭಸದಿಂದ ನುಗ್ಗುವ ಬಿಸಿಗಾಳಿಗೆ ಅಣ್ಣನವರ ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ನೀರಿನ ಬಾಟಲಿ ಅತ್ತಿಗೆಯವರ ತೊಡೆಯ ಮೇಲೆಯೇ ಇರುತ್ತಿತ್ತು. ನಾನು ವಿಭೂತಿ ಇಟ್ಟುಕೊಂಡು ಪೂಜೆ ಮುಗಿಸಿ ಬರುವವರೆಗೂ ಅಣ್ಣನವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಅತ್ತಿಗೆಯವರು ಬಾಟಲಿ ಹಿಡಿದುಕೊಂಡು ಕಾಯುತ್ತಿದ್ದರು. ಒಮ್ಮೆ ನರ್ಸು ಕಂಡು, “ಏನಮ್ಮಾ, ಅಜ್ಜ ಒಣಗ್ತಾವ್ರೆ, ಒಂದು ಗುಟುಕು ಕುಡಿಸಬಾರ್ದಾ?” ಎಂದು ಗದರಿದಳು. “ನನ್ ಕೈ ಅವ್ರಿಗಾಗಕಿಲ್ಲ ಕಣವ್ವಾ” ಎಂದರು ಅತ್ತಿಗೆಯವರು. ಕೈಯಲ್ಲೇನಾದರೂ ಹುಣ್ಣಿದೆಯೇ ಎಂದು ಆ ಹುಡುಗಿ ಬಗ್ಗಿ ನೋಡಿದಳು.

ಪಕ್ಕದ ಮಂಚದಲ್ಲಿದ್ದವರು ರಾಮನಗರದಲ್ಲಿಯೇ ಗೂಡಿನಿಂದ ನೂಲು ತೆಗೆಸುವ ಒಬ್ಬ ರೀಲರು. ಮಾರುಕಟ್ಟೆಯಲ್ಲಿ ಅಣ್ಣನವರೊಡನೆ ಬಹಳ ಕಾಲದಿಂದ ಜಗಳವಾಡಿ ಗೂಡು ಕೊಂಡವರು. ಅವರಿಗೂ ಅದೇ ಕಾಯಿಲೆ, ಅದೇ ಕೊಳವೆ. ಅವರು ಮಾತ್ರ ಡಾಕ್ಟರಮ್ಮನ ಮಾತನ್ನು ಮೀರದೆ, ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು ಇರಿಸಿಕೊಂಡು, ಕೆನ್ನೆಯನ್ನು ಹಾಸಿಗೆಗೆ ಒತ್ತಿ ಗಂಟೆಗಟ್ಟಲೆ ಬೋರಲು ಮಲಗುತ್ತಿದ್ದರು. ಹಾಗೆ ಮಲಗಿಯೇ ಅಣ್ಣನವರನ್ನು ಕೆಣಕುತ್ತಿದ್ದರು.

“ಯಜಮಾನ್ರೆ, ಮಾರ್ಕೆಟ್ನಾಗೆ ನೀವು ನನ್ನ ಎಷ್ಟ್ ಸಲ ಮಕಾಡೆ ಮಲಗ್ಸಿಲ್ಲ! ಈಗ ನಿಮ್ ಸರದಿ, ಮಲೀಕಳಿ ಸುಮ್ಕೆ.”

“ನೀನ್ ಮಲಗಿರು. ನಿಂಗೆ ಎದೆ ಮ್ಯಾಲೆ ಏನೈತೆ ಭಾರ?”

“ನಿಮ್ ಗೂಡು ತಕ್ಕಂಡು ಆದ ಲಾಸೇ ಐತಲ್ಲ, ಅದೇ ಭಾರ” ಎಂದು ಅವರು ಕೆಮ್ಮುತ್ತ ನಕ್ಕರು. ಅತ್ತಿಗೆಯವರಿಗೂ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದನ್ನು ಕಂಡ ಅಣ್ಣನವರು, “ಗಂಡ ಸಾಯ್ತಾವ್ನೆ, ಹಲ್ ಕಿರೀತಾವ್ಳೆ ಮುಂಡೇದು” ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಅಷ್ಟು ಉಸಿರು ಅವರಲ್ಲಿ ಉಳಿದಿದೆಯೇ ಎಂದು ನನಗೆ ಆಶ್ಚರ್ಯವಾಯಿತು.

ಆ ದಿನ ಮಧ್ಯಾಹ್ನದ ವೇಳೆಗೆ ಅವರ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಸಂಜೆಯೊಳಗೆ ನಿರ್ಧಾರವಾಗಬೇಕೆಂದು ಡಾಕ್ಟರಮ್ಮ ಹೇಳಿ ಹೋದರು. ಅಣ್ಣನವರು ಕಣ್ಣಿನಿಂದಲೇ ನನ್ನನ್ನು ಕರೆದರು.

“ಏನ್ಲಾ ಪಂಡ್ತ, ಅಷ್ಟ್ ಓದಿದೀಯಲ್ಲ. ಇದಕ್ಕೇನಾದ್ರೂ ದಾರಿ ಐತಾ?”

ದಾರಿ ಇತ್ತು. ಲಿಂಗಧಾರಣೆಗೆ ಎದೆಯೊಂದೇ ಸ್ಥಾನವಲ್ಲ; ತಲೆ, ಕೊರಳು, ಅಂಗೈಗಳೂ ಶಾಸ್ತ್ರಸಮ್ಮತವಾದ ಸ್ಥಾನಗಳೇ. ಬೋರಲು ಮಲಗುವವರು ಒಂದು ತೋಳನ್ನು ತಲೆಯ ಪಕ್ಕಕ್ಕೆ ಮೇಲೆತ್ತಿ ಇರಿಸಿಕೊಳ್ಳಬೇಕೆಂದು ನರ್ಸು ರೀಲರಿಗೆ ಕಲಿಸಿದ್ದನ್ನು ನಾನು ನೋಡಿದ್ದೆ. ಎಡದ ತೋಳನ್ನು ಹಾಗೆ ಇಟ್ಟು, ಅಂಗೈಯಲ್ಲಿ ಕರಡಿಗೆಯನ್ನು ಹಿಡಿದು, ಶಿವದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡರೆ, ಸ್ವಾಮಿ ದೇಹಕ್ಕಿಂತ ಕೆಳಗೆ ಬರುವುದಿಲ್ಲ, ಕರಸ್ಥಳದಲ್ಲಿಯೇ ಇರುತ್ತಾನೆ ಎಂದು ತಿಳಿಸಿದೆ. ಹೆದರಿಕೆ ಅಣ್ಣನವರನ್ನು ಒಪ್ಪಿಸಿತು. ಶಾಸ್ತ್ರ ಅದಕ್ಕೊಂದು ಗೌರವದ ಹೊದಿಕೆಯಾಯಿತು.

ದಾರವನ್ನು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಲು ಅತ್ತಿಗೆಯವರು ಕೈ ಚಾಚಿದರು.

“ಮುಟ್ಬ್ಯಾಡ!” ಎಂದರು ಅಣ್ಣನವರು. ನಾನು ಮುಂದಾದೆ; ತಮ್ಮ ಲಿಂಗವನ್ನು ತಾವೇ ಕಟ್ಟಿಕೊಳ್ಳುವುದಾಗಿ ಹೇಳಿ ನನ್ನ ಕೈಯನ್ನೂ ತಳ್ಳಿದರು. ಒಂದೇ ಕೈಯಿಂದ, ಸಡಿಲವಾಗಿ, ಹೇಗೋ ಸುತ್ತಿಕೊಂಡರು. ಆಮೇಲೆ ನರ್ಸೂ ನಾನೂ ಹಿಡಿದು ಅವರನ್ನು ಬೋರಲು ಮಾಡಿದೆವು. ಊರಿನಲ್ಲಿ ಯಾರೆದುರಿಗೂ ತಲೆ ತಗ್ಗಿಸದ ಆ ದೊಡ್ಡ ದೇಹ ಮುಖವನ್ನು ದಿಂಬಿಗೆ ಕೊಟ್ಟು ಮಲಗಿತು. ಮೊದಲಿಗೆ ಉಬ್ಬಸ ಹೆಚ್ಚಿತು, ಬೈಗುಳವೂ ಹೆಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಎರಡೂ ಇಳಿದವು. ಯಂತ್ರದ ಕೂಗು ನಿಂತಿತು. ತುಟಿಗೆ ಬಣ್ಣ ಮರಳಿತು. ಪರಶಿವನ ಕರುಣೆಯೆಂದು ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ಮರುದಿನ ಮಧ್ಯಾಹ್ನ ಅವರು ಹಾಗೆಯೇ ಮಲಗಿದ್ದಾಗ ನಿದ್ದೆ ಹತ್ತಿತು. ಎಡಗೈ ಮಂಚದ ಅಂಚಿನಿಂದ ಇಳಿಬಿದ್ದಿತು. ಸಡಿಲವಾದ ದಾರ ಬೆವರಿದ ಮಣಿಕಟ್ಟಿನಿಂದ ಜಾರಿತು. ಕರಡಿಗೆ ನೆಲಕ್ಕೆ ಬಿದ್ದು ಬಾಯಿ ತೆರೆಯಿತು. ಲಿಂಗ ಹೊರಗೆ ಉರುಳಿ, ಎಲ್ಲರೂ ಚಪ್ಪಲಿ ಮೆಟ್ಟಿ ಓಡಾಡುವ ನೆಲದ ಮೇಲೆ, ಮಂಚದ ಗಾಲಿಗೆ ತಾಗಿ ನಿಂತಿತು.

ನಾನು ಎದ್ದು ನಿಲ್ಲುವುದರೊಳಗೆ ಅತ್ತಿಗೆಯವರು ಮಂಡಿಯೂರಿ ಅದನ್ನು ತೆಗೆದುಕೊಂಡಿದ್ದರು. ಬಾಟಲಿಯ ನೀರಿನಿಂದ ತೊಳೆದರು, ಸೆರಗಿನಿಂದ ಒರೆಸಿದರು, ಕಣ್ಣಿಗೆ ಒತ್ತಿಕೊಂಡರು. ಕರಡಿಗೆಯೊಳಗಿಟ್ಟು ಮುಚ್ಚಿದರು. ಆ ಕರಡಿಗೆಯನ್ನು ಮಲಗಿದವರ ಅಂಗೈಗೆ ಮರಳಿ ಇಟ್ಟಿದ್ದರೆ ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಅವರು ಇಡಲಿಲ್ಲ. ಸ್ಟೂಲನ್ನು ಅಣ್ಣನವರ ಮುಖ ತಿರುಗಿದ್ದ ಕಡೆಗೆ ಎಳೆದುಕೊಂಡು, ಕರಡಿಗೆಯನ್ನು ತಮ್ಮ ಎಡ ಅಂಗೈಯಲ್ಲಿರಿಸಿಕೊಂಡು, ಅವರು ಎಚ್ಚರಗೊಳ್ಳುವವರೆಗೂ ಕುಳಿತರು.

ಅಣ್ಣನವರು ಕಣ್ಣು ಬಿಟ್ಟಾಗ ಮೊದಲು ಕಂಡದ್ದೇ ಅದು.

“ಕೆಳಿಕ್ ಬಿದ್ದಿತ್ತು” ಎಂದರು ಅತ್ತಿಗೆಯವರು.

ಅಣ್ಣನವರು ಏಳಲು ಹೋದರು. ಯಂತ್ರ ಚೀರಿತು. ಉಸಿರು ಕಟ್ಟಿ ಮತ್ತೆ ಮುಖ ಅಡಿಯಾಗಿ ಕುಸಿದರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು: “ಯಾರ್ ಯಾರ್ ನೋಡುದ್ರು?”

“ನಾನು ನೋಡ್ದೆ. ಚಿಕ್ಕಪ್ಪ ನೋಡುದ್ರು.” ಅತ್ತಿಗೆಯವರು ನನ್ನನ್ನು ಮಕ್ಕಳು ಕರೆಯುವಂತೆ ಚಿಕ್ಕಪ್ಪ ಎಂದೇ ಕರೆಯುತ್ತಿದ್ದುದು. “ಮ್ಯಾಲಿರೋನು ನೋಡ್ದ.”

ಅಣ್ಣನವರು ನನ್ನ ಕಡೆಗೆ ಕಣ್ಣು ಹೊರಳಿಸಿದರು. ಜೀವಮಾನದಲ್ಲಿ ಮೊದಲ ಸಲ ಆ ಕಣ್ಣು ನನ್ನ ವಿದ್ಯೆಯನ್ನು ಬೇಡುತ್ತಿತ್ತು. ನಾನು ಹಿಂದೆ ಅತ್ತಿಗೆಯವರ ಪರವಾಗಿ ಹೇಳಿದ್ದನ್ನೇ ಒಂದಕ್ಷರವೂ ಬದಲಿಸದೆ ಹೇಳಿದೆ. ಭಿನ್ನವಾಗದ ಲಿಂಗ ಜಾರಿ ಬಿದ್ದರೆ ಶುದ್ಧಿ ಮಾಡಿ, ಸ್ಮರಣೆ ಮಾಡಿ, ಮತ್ತೆ ಧರಿಸಬಹುದು, ದೋಷವಿಲ್ಲ.

“ಹಂಗಾರೆ ಸರಿ” ಎಂದರು ಅಣ್ಣನವರು. ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಯಾಗಿ ಹೋಯಿತು. “ಯಾರ್ಗೂ ಯೋಳಬ್ಯಾಡಿ. ಕೊಡೇ ಇಲ್ಲಿ.”

“ನಂಗೂ ಹಿಂಗೇ ಯೋಳಿದ್ರು ಚಿಕ್ಕಪ್ಪ. ಆವತ್ತು ನೀವೇನಂದ್ರಿ?”

“ನಿಂದೇ ಬ್ಯಾರೆ, ನಂದೇ ಬ್ಯಾರೆ. ಕೊಡೇ.”

“ಎದ್ದು ಈಸ್ಕಳಿ” ಎಂದರು ಅತ್ತಿಗೆಯವರು.

ಅವರ ದನಿ ಏರಿರಲಿಲ್ಲ. ಹಾಗಾಗಿಯೇ ಅದು ಬೈಗುಳಕ್ಕಿಂತ ಹರಿತವಾಗಿತ್ತು. ಎದ್ದರೆ ಉಸಿರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಣ್ಣನವರು ಬೆರಳುಗಳನ್ನು ಚಾಚಿದರು. ಸ್ಟೂಲು ಒಂದು ಗೇಣಿನಷ್ಟು ಹಿಂದಕ್ಕೆ ಸರಿಯಿತು. ನಾನು, “ಅತ್ತಿಗೆಯವರೇ, ಬೇಡ” ಎಂದೆ. “ನೀವ್ ಸುಮ್ಕಿರಿ ಚಿಕ್ಕಪ್ಪ. ಅವ್ರು ಮಲಗ್ಲಿ. ಮಲಗುದ್ರೆ ಬದುಕ್ತಾರೆ ಅಂತ ಡಾಕ್ಟ್ರಮ್ಮನೇ ಯೋಳವ್ರಲ್ಲ. ನನ್ ಕೈಯಾಗೆ ಇರಗಂಟ ಅವ್ರು ಏಳಕಿಲ್ಲ, ಇದನ್ನ ಬುಟ್ಟು ಎಲ್ಲೂ ಹೋಗಕಿಲ್ಲ” ಎಂದರು.

ಪಕ್ಕದ ಮಂಚದಿಂದ ರೀಲರು, “ಯಜಮಾನ್ರೆ, ಇವತ್ತು ನಿಮ್ ಗೂಡ್ನ ಹರಾಜಿಗಿಟ್ಟವ್ರೆ ಕಣ್ರಿ” ಎಂದರು. ಯಾರೂ ನಗಲಿಲ್ಲ.

ಅಂದಿನಿಂದ ಅದೇ ಕ್ರಮವಾಯಿತು. ಊಟ, ಔಷಧಿಗಳಿಗೆ ಎದ್ದು ಕುಳಿತಾಗ ಲಿಂಗ ಅಣ್ಣನವರ ಎದೆಗೆ ಬರುತ್ತಿತ್ತು. ಬೋರಲಾಗುವ ಹೊತ್ತು ಬಂದೊಡನೆ ಅತ್ತಿಗೆಯವರ ಅಂಗೈ ಮುಂದೆ ಬರುತ್ತಿತ್ತು. ಕೊಡದಿದ್ದರೆ ಲಿಂಗ ನೆಲಕ್ಕೆ ಬಿದ್ದ ಸುದ್ದಿ ಊರು ಸೇರೀತೆಂಬ ಹೆದರಿಕೆಯಿಂದ ಅಣ್ಣನವರು ಕೊಡುತ್ತಿದ್ದರು. ಅವರ ಕೈಯ ನೀರನ್ನು ಮಾತ್ರ ಅಣ್ಣನವರು ಆಗಲೂ ಕುಡಿಯಲಿಲ್ಲ. ತಮ್ಮ ದೇವರು ಯಾರ ಅಂಗೈಯಲ್ಲಿ ಕುಳಿತಿದ್ದಾನೋ ಅವರದೇ ಇನ್ನೊಂದು ಕೈಯಲ್ಲಿದ್ದ ಬಾಟಲಿಯನ್ನು ನೋಡುತ್ತ, ನಾನು ಬರಲೆಂದು ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಅವರ ಉಸಿರು ದಿನದಿನಕ್ಕೆ ನೆಟ್ಟಗಾಯಿತು. ರೀಲರದು ಆಗಲಿಲ್ಲ. ಹೇಳಿದಂತೆ, ಹೇಳಿದಷ್ಟು ಹೊತ್ತು ಮಲಗಿದ ಮನುಷ್ಯನ ಗಂಟಲಿಗೆ ಒಂದು ಬೆಳಗ್ಗೆ ನಳಿಗೆ ಇಳಿಸಿ ಒಳಗಿನ ಕೋಣೆಗೆ ಒಯ್ದರು. ಎರಡು ದಿನ ಕಳೆದ ಮೇಲೆ ಅವರ ಮಗ ಬಂದು ಮಂಚದ ಕೆಳಗಿದ್ದ ಚಪ್ಪಲಿಗಳನ್ನು ಕವರಿಗೆ ಹಾಕಿಕೊಂಡು ಹೋದ. ಅದನ್ನು ನೋಡಿದ ಅಣ್ಣನವರು, “ಆಸೆಬುರುಕ. ಗೂಡಿಗೆ ಒಂದ್ರುಪಾಯಿ ಜಾಸ್ತಿ ಕೊಡೋನಲ್ಲ” ಎಂದು ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಸ್ವಲ್ಪ ಹೊತ್ತು ಅಲುಗುತ್ತಿತ್ತು. ಕೆಮ್ಮೋ ಅಳುವೋ ತಿಳಿಯಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರಮ್ಮ, “ಕೆಲವು ದಿನ ಮನೆಯಲ್ಲೂ ಆಗಾಗ ಬೋರಲು ಮಲಗ್ಸಿ” ಎಂದು ಅತ್ತಿಗೆಯವರಿಗೆ ಹೇಳಿದರು. ಅತ್ತಿಗೆಯವರು ಪಾಠ ಕೇಳುವ ಶಿಷ್ಯರಂತೆ ತಲೆದೂಗಿದರು.

ಊರು ಸೇರಿದ ದಿನ ಜಗಲಿಯ ತುಂಬ ನಂಟರು. ಅಣ್ಣನವರು ಹಣೆಯ ತುಂಬ ವಿಭೂತಿ ಧರಿಸಿ ಕುಳಿತು, “ಲಿಂಗಯ್ಯ ಒಂದ್ ಗಳಿಗೆ ನನ್ ಬುಟ್ಟಿರಲಿಲ್ಲ ಕಣ್ರಪ್ಪಾ, ಅದ್ಕೇ ಉಳ್ಕಂಡೆ” ಎನ್ನುತ್ತಿದ್ದರು. ಅತ್ತಿಗೆಯವರು ತಂಬಿಗೆಯನ್ನು ಎಂದಿನಂತೆ ಹೊಸ್ತಿಲಾಚೆ ಇಟ್ಟರು. ಅಣ್ಣನವರು ಸೊಸೆಯನ್ನು ಕೂಗಿದರು. ಸೊಸೆ ಬಂದು ಅದೇ ತಂಬಿಗೆಯನ್ನು ಎತ್ತಿ ಅವರ ಕೈಗೆ ಕೊಟ್ಟಳು, ಅವರು ಕುಡಿದರು. ನಾನು ಅತ್ತಿಗೆಯವರ ಮುಖ ನೋಡಿದೆ. ಅವರು ಬಾಯಿಬಿಟ್ಟು ಎಲ್ಲವನ್ನೂ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟೇ:

“ಹೊತ್ತಾಯ್ತು. ಮಕಾಡೆ ಮಲೀಕಳಿ.”

“ಜನ ಅವ್ರೆ. ಆಮೇಲೆ.”

“ಜನ ಇದ್ರೇನು? ಡಾಕ್ಟ್ರಮ್ಮ ಯೋಳವ್ರೆ.” ಅತ್ತಿಗೆಯವರು ಎಲ್ಲರೆದುರಿಗೆ ಎಡಗೈಯನ್ನು ಚಾಚಿ ನಿಂತರು. ಆ ಕೈ ಏನನ್ನು ಕೇಳುತ್ತಿದೆಯೆಂದು ನಂಟರಿಗೆ ತಿಳಿಯಲಿಲ್ಲ. ಅಣ್ಣನವರಿಗೆ ತಿಳಿಯಿತು. ಅವರು ಎದ್ದು ಒಳಗಿನ ಕೋಣೆಗೆ ನಡೆದರು.

ತಿಂಗಳುಗಳು ಕಳೆದವು. ಅಣ್ಣನವರು ಸೊಪ್ಪಿನ ತೋಟದವರೆಗೆ ನಡೆದುಹೋಗಿ ಆಳುಗಳನ್ನು ಬೈದು ಬರುವಷ್ಟು ಚೇತರಿಸಿಕೊಂಡರು. ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಎದೆ ಪರೀಕ್ಷಿಸಿ, ಇನ್ನು ಬೋರಲು ಮಲಗುವ ಅಗತ್ಯವಿಲ್ಲವೆಂದರಂತೆ. ನಾನು ಶ್ರಾವಣದ ಪುರಾಣ ಮುಗಿಸಿ ಊರಿಗೆ ಹೋದ ದಿನ, ಅಣ್ಣನವರು ನನ್ನನ್ನು ಹುಳುಮನೆಯ ಹಿಂದಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು: “ಡಾಕ್ಟ್ರು ಸಾಕು ಅಂದವ್ರೆ ಅಂತ ನೀನಾದ್ರೂ ಅವ್ಳಿಗೆ ಒಸಿ ಯೋಳ್ಲಾ.”

ನಾನು ಹೇಳಿದೆ. ಅತ್ತಿಗೆಯವರು ಮೊರದಲ್ಲಿದ್ದ ರಾಗಿಯಿಂದ ಕಣ್ಣೆತ್ತದೆ, “ಡಾಕ್ಟ್ರು ಸಾಕು ಅಂದ್ರು ಚಿಕ್ಕಪ್ಪ. ನಾನ್ ಅಂದಿಲ್ವಲ್ಲ” ಎಂದರು.

“ಅವರು ನಿಮ್ಮ ಕೈಯ ನೀರು ಕುಡಿದರೆ ಬಿಡುತ್ತೀರಾ?”

ಅವರು ಮೊರವನ್ನು ಕೆಳಗಿಟ್ಟರು. “ಈಗ ನಾನೇ ಕೊಡಕಿಲ್ಲ” ಎಂದರು.

ಮಧ್ಯಾಹ್ನದ ಊಟವಾಯಿತು. ಅತ್ತಿಗೆಯವರು ಕೋಣೆಗೆ ಬಂದು ಎಡಗೈಯನ್ನು ಚಾಚಿದರು. ಅಣ್ಣನವರು ನನ್ನ ಮುಖ ನೋಡಲಿಲ್ಲ. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಆ ಅಂಗೈಯಲ್ಲಿಟ್ಟು, ಚಾಪೆಯ ಮೇಲೆ ಬೋರಲಾದರು. ಅತ್ತಿಗೆಯವರು ಗೋಡೆಗೆ ಒರಗಿ ಕುಳಿತರು. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಪೂಜೆಗೆ ಕುಳಿತವರ ಕೈ ಹೇಗಿರಬೇಕೋ ಹಾಗೆಯೇ. ಅಂಥ ಮುಖವನ್ನು ಮಾತ್ರ ಪೂಜೆಗೆ ಕುಳಿತ ಯಾರಲ್ಲಿಯೂ ನಾನು ಕಂಡಿರಲಿಲ್ಲ.

ಬಾಗಿಲಲ್ಲಿ ಯಾರೋ ಊರಿನವರು ಬಂದು, “ಅಣ್ಣೋ, ತ್ವಾಟದ ತಾವ ನಾಲೆ ಒಡೆದೈತೆ, ಒಸಿ ಬಾ” ಎಂದು ಕೂಗಿದರು. ಅಣ್ಣನವರು ತೋಳೂರಿ ಅರ್ಧ ಎದ್ದರು. ಅತ್ತಿಗೆಯವರು ಅಲುಗಲಿಲ್ಲ, ಕರಡಿಗೆಯನ್ನು ಮರಳಿ ಕೊಡಲೂ ಇಲ್ಲ. ಲಿಂಗವಿಲ್ಲದ ಎದೆಯಲ್ಲಿ ಹೊಸ್ತಿಲು ದಾಟುವುದು ಹೇಗೆ?

ಅಣ್ಣನವರು ಮತ್ತೆ ಮುಖವನ್ನು ಚಾಪೆಗಿಟ್ಟು, ಅಲ್ಲಿಂದಲೇ ಕೂಗಿದರು:

“ಮಲಗಿವ್ನಿ ಕಣ್ಲಾ. ಆಮ್ಯಾಕ್ ಬತ್ತೀನಿ, ಹೋಗು.”